ಹಿಂದಿನ ಬಾಗಿಲ ಬಳಿಯ ಗಂಡಸರು

ಕ್ರೈಸ್ತ ದೇವಾಲಯದಲ್ಲಿ ಗಂಡಸರು ಹೆಚ್ಚಾಗಿ ಎರಡು ಕಡೆ ಸಿಗುತ್ತಾರೆ. ಒಂದು, ಬಲಿಪೀಠದ ಆಸುಪಾಸು. ಇನ್ನೊಂದು, ಹಿಂದಿನ ಬಾಗಿಲ ಆಸುಪಾಸು. ಬಲಿಪೀಠದ ಕಡೆ ಪಾದ್ರಿಗಳು, ಪಾಲನಾ ಮಂಡಳಿಯ ಉಪಾಧ್ಯಕ್ಷರು, ಕಾಣಿಕೆಯ ಲೆಕ್ಕ ಬರೆಯುವವರು ಇರುತ್ತಾರೆ. ಬಾಗಿಲ ಕಡೆ ಉಳಿದವರು: ಹೆಂಡತಿ ಮಕ್ಕಳನ್ನು ಮೆಟ್ಟಿಲ ಬಳಿ ಇಳಿಸಿ, ಗಾಡಿಗೆ ನೆರಳು ಹುಡುಕುವುದರಲ್ಲಿ ಮೊದಲ ವಾಚನ ಕಳೆಯುವವರು, ಪ್ರಬೋಧನೆ ಶುರುವಾದ ಕೂಡಲೇ ಹೊರಗಿಳಿದು, ವಿಶ್ವಾಸ ಪ್ರಮಾಣಕ್ಕೆ ಸಭೆ ಎದ್ದು ನಿಂತಾಗ ಒಳಗೆ ಸೇರಿಕೊಳ್ಳುವವರು. ಎಲ್ಲರೂ ನಿಂತಿರುವಾಗ ಒಳಬಂದವನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಲೆಕ್ಕಾಚಾರ ಅಪ್ಪನಿಂದ ಮಗನಿಗೆ ಹೇಳಿಕೊಡದೆಯೇ ದಾಟುತ್ತದೆ. ನಡುವಿನ ಬೆಂಚುಗಳು ಬಹುಪಾಲು ಹೆಂಗಸರವು, ಮಕ್ಕಳವು, ಮುದುಕರವು. ಗಂಡಸರಿಗೊಂದು ಪಕ್ಕ, ಹೆಂಗಸರಿಗೊಂದು ಪಕ್ಕ ಎಂಬ ರೂಢಿಯಿದ್ದ ಕಾಲದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಈಗ ಮನೆಮಂದಿ ಒಟ್ಟಿಗೆ ಕೂರುವುದರಿಂದ ಅದು ಅರ್ಧ ಮುಚ್ಚಿಹೋಗಿದೆ, ಅಷ್ಟೇ.

ಗಂಡಸರು ದೇವಾಲಯಕ್ಕೆ ಹತ್ತಿರವಾಗುತ್ತಿಲ್ಲ ಎಂಬ ದೂರು ಹೊರಗಿನವರ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. ಪೋಪರಿಂದ ಹಿಡಿದು ಊರ ಪಾದ್ರಿಯವರೆಗೆ ಕಥೋಲಿಕ ಸಭೆಯ ಯಾಜಕ ಪದವಿಗಳೆಲ್ಲ ಗಂಡಸರವೇ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕೂಡ ಸಭಾಪಾಲಕರು, ಹಿರಿಯರು, ಖಜಾಂಚಿಗಳ ಪಟ್ಟಿಯಲ್ಲಿ ಹೆಂಗಸರ ಹೆಸರು ಇತ್ತೀಚಿನದು. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡವರಿಗೆ ಇನ್ನೇನು ಕೊರತೆ ಎಂದು ಕೇಳಿದರೆ ತಪ್ಪಿಲ್ಲ. ಆದರೆ ಅಧಿಕಾರ ಇರುವುದು ಬೆರಳೆಣಿಕೆಯ ಗಂಡಸರಿಗೆ. ಇನ್ನೂರು ಮನೆಗಳ ಚರ್ಚಿನಲ್ಲಿ ಹತ್ತು ಹದಿನೈದು ಮಂದಿ ಎಲ್ಲ ಸಮಿತಿಗಳಲ್ಲೂ ಇರುತ್ತಾರೆ, ಮಿಕ್ಕವರಿಗೆ ಕೂತು ಎದ್ದು ಮೊಣಕಾಲೂರುವುದನ್ನು ಬಿಟ್ಟರೆ ಬೇರೆ ಪಾತ್ರವಿಲ್ಲ. ಬಲಿಪೀಠಕ್ಕೂ ಬಾಗಿಲಿಗೂ ನಡುವೆ ಗಂಡಸಿಗೆಂದು ಒಂದು ಜಾಗ ಇಲ್ಲದಿರುವುದೇ ಈ ಸಮಸ್ಯೆಯ ಬುಡ.

ಇದು ಇಂದಿನ ಕಾಲದ ಕೇಡು ಎಂದು ಹಿರಿಯರು ಹೇಳುವುದುಂಟು. ಹಾಗೇನಿಲ್ಲ. 1692ರಲ್ಲಿ ಬಾಸ್ಟನ್ನಿನ ಪ್ಯೂರಿಟನ್ ಪಾದ್ರಿ ಕಾಟನ್ ಮ್ಯಾಥರ್, ಸಭೆಯಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆ ಎಷ್ಟೋ ಹೆಚ್ಚು ಎಂದು ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಹಳ್ಳಿಗಳಲ್ಲಿ ಹೆಂಗಸರು ಪೂಜೆ ಕೇಳುತ್ತಿದ್ದರೆ ಗಂಡಸರು ಎದುರಿನ ಪಡಖಾನೆಯಲ್ಲಿ ಕಾಯುತ್ತಿದ್ದರು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ ಯಾವುದಾದರೊಂದು ಧರ್ಮಕ್ಕೆ ಸೇರಿದವರೆಂದು ಹೇಳಿಕೊಳ್ಳುವ ಹೆಂಗಸರು ಸುಮಾರು ಶೇ. 83, ಗಂಡಸರು ಸುಮಾರು ಶೇ. 80. ಈ ಅಂತರ ಸಣ್ಣದು. ವರದಿಯ ಸ್ವಾರಸ್ಯವಿರುವುದು ವಾರದ ಪ್ರಾರ್ಥನೆಯ ವಿಷಯದಲ್ಲಿ: ಕ್ರೈಸ್ತರಲ್ಲಿ ಹೆಂಗಸರು ಮುಂದು, ಮುಸ್ಲಿಮರಲ್ಲಿ ಮತ್ತು ಸಂಪ್ರದಾಯಸ್ಥ ಯಹೂದ್ಯರಲ್ಲಿ ಗಂಡಸರು ಮುಂದು.

ಈ ಒಂದು ಸಂಗತಿ ಎಷ್ಟೋ ಸಿದ್ಧಾಂತಗಳ ಬಾಯಿ ಮುಚ್ಚಿಸುತ್ತದೆ. ಗಂಡಸು ಹುಟ್ಟಾ ಭಕ್ತಿಗೆ ದೂರ, ಅಪಾಯಕ್ಕೆ ಅಂಜುವುದಿಲ್ಲವಾದ್ದರಿಂದ ನರಕಕ್ಕೂ ಅಂಜುವುದಿಲ್ಲ ಎಂಬಂಥ ವಿವರಣೆಗಳು ಸಮಾಜಶಾಸ್ತ್ರದಲ್ಲಿ ಬಂದು ಹೋಗಿವೆ. ಅವು ನಿಜವಾಗಿದ್ದರೆ ಶುಕ್ರವಾರ ಮಧ್ಯಾಹ್ನ ಮಸೀದಿ ತುಂಬುವುದು ಹೇಗೆ? ಅಲ್ಲಿ ಜುಮಾ ನಮಾಜು ಗಂಡಸಿನ ಕರ್ತವ್ಯ. ಸಂಪ್ರದಾಯಸ್ಥ ಯಹೂದ್ಯರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಲೇಬೇಕು. ಒಂಬತ್ತು ಮಂದಿ ಬಂದು ಕೂತಿದ್ದರೆ ಹತ್ತನೆಯವನಿಗಾಗಿ ಬೀದಿಯಲ್ಲಿ ಹುಡುಕುತ್ತಾರೆ. ಕ್ರೈಸ್ತ ಆರಾಧನೆಯಲ್ಲಿ ಹಾಗೆ ಹುಡುಕಿಸಿಕೊಳ್ಳುವ ಭಾಗ್ಯ ಯಾರಿಗೂ ಇಲ್ಲ. ಪಾದ್ರಿಯೊಬ್ಬರು ಬಂದರೆ ಪೂಜೆ ನಡೆಯುತ್ತದೆ, ಹಿಂದೆ ನಿಂತವನು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಅದು ಅವನಿಗೂ ಗೊತ್ತು.

ವರ್ಷಕ್ಕೊಮ್ಮೆ ಮಾತ್ರ ಈ ಹುಡುಕಾಟ ಕಥೋಲಿಕ ಚರ್ಚುಗಳಲ್ಲಿ ಕಾಣುತ್ತಿತ್ತು. ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಹನ್ನೆರಡು ಮಂದಿ ಗಂಡಸರು ಬೇಕಾಗುತ್ತಿದ್ದರು. ಪಾದ್ರಿಗಳ ಕಣ್ಣಿಗೆ ಬೀಳಬಾರದೆಂದು ಆ ವಾರ ಅಡ್ಡದಾರಿ ಹಿಡಿಯುವವರು ಇರುತ್ತಿದ್ದರು. ಸಿಕ್ಕಿಬಿದ್ದವರು ಮನೆಯಲ್ಲೇ ಸೋಪು ಹಚ್ಚಿ ತಿಕ್ಕಿ ತೊಳೆದ ಕಾಲನ್ನು ಚರ್ಚಿನಲ್ಲಿ ಎರಡನೆಯ ಸಲ ತೊಳೆಸಿಕೊಳ್ಳುತ್ತಿದ್ದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿ ಈ ವಿಧಿಗೆ ಹೆಂಗಸರನ್ನೂ ಸೇರಿಸಲು ಅನುಮತಿ ಕೊಟ್ಟರು. ನ್ಯಾಯವಾದ ಬದಲಾವಣೆ. ಅಡ್ಡದಾರಿಯ ಗಂಡಸರು ಮಾತ್ರ ಅದನ್ನು ಬಿಡುಗಡೆಯೆಂದೇ ತಿಳಿದಿರಬೇಕು.

ಗಂಡಸರನ್ನು ಒಳಗೆಳೆಯುವ ಪ್ರಯತ್ನಗಳಿಗೆ ದೀರ್ಘ ಚರಿತ್ರೆಯಿದೆ. ಅವುಗಳಲ್ಲಿ ಹೆಚ್ಚು ಸದ್ದು ಮಾಡಿದ ದಾರಿಯೆಂದರೆ ಧರ್ಮಕ್ಕೆ ಮೀಸೆ ಹಚ್ಚುವುದು. ಹತ್ತೊಂಬತ್ತನೆಯ ಶತಮಾನದ ನಡುವಿನ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಮೊದಲಾದವರು ಭಕ್ತಿ ಎಂದರೆ ಕಣ್ಣೀರು, ಮೃದುಮಾತು ಮಾತ್ರವಲ್ಲ, ಗಟ್ಟಿ ಮೈ, ಆಟ, ಧೈರ್ಯ ಎಲ್ಲವೂ ಎಂದು ವಾದಿಸಿದರು. ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನನ ಶಾಲಾದಿನಗಳು’ ಕಾದಂಬರಿ ಈ ಮನೋಭಾವಕ್ಕೆ ಒಂದು ಪಠ್ಯಪುಸ್ತಕವೇ ಆಯಿತು. ವಿಮರ್ಶಕರು ಇದನ್ನು ‘ಕಟ್ಟುಮಸ್ತು ಕ್ರೈಸ್ತಮತ’ ಎಂಬ ಅರ್ಥದಲ್ಲಿ ಗೇಲಿ ಮಾಡಿದರು. ಗೇಲಿಯ ಹೆಸರೇ ಉಳಿಯಿತು.

ಈ ಗಾಳಿಯಲ್ಲಿ ಬೆಳೆದ ಸಂಸ್ಥೆಗಳಲ್ಲಿ ವೈಎಂಸಿಎ ದೊಡ್ಡದು. ಅದು ಶುರುವಾದದ್ದು ಆಟಕ್ಕಾಗಿ ಅಲ್ಲ. 1844ರ ಜೂನ್ 6ರಂದು ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಜವಳಿ ಅಂಗಡಿಯ ನೌಕರ ತನ್ನಂಥ ಕೆಲವರನ್ನು ಸೇರಿಸಿ ಪ್ರಾರ್ಥನೆಗೂ ಬೈಬಲ್ ಓದಿಗೂ ಒಂದು ಕೂಟ ಕಟ್ಟಿದ. ದಿನವಿಡೀ ದುಡಿದು ಅಂಗಡಿಯ ಮೇಲಿನ ಕೋಣೆಯಲ್ಲೇ ಮಲಗುವ ಹುಡುಗರಿಗೆ ಹೆಂಡದಂಗಡಿ ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ. ವ್ಯಾಯಾಮಶಾಲೆ ಬಂದದ್ದು ಆಮೇಲೆ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಗೆ ಕೂತು ಬೇಸತ್ತ ತರಗತಿಯೊಂದಕ್ಕಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಬಾಸ್ಕೆಟ್‌ಬಾಲ್ ಹುಟ್ಟಿಸಿದ. 1895ರಲ್ಲಿ ಪಕ್ಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ಹುಟ್ಟಿಸಿದ. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ತೆರೆದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ಶಾಲೆಗಳಿಗೆ ಪಿ.ಟಿ. ಮಾಸ್ತರರನ್ನು ಒದಗಿಸಿತು. ಇಂದು ಕರಾವಳಿಯ ಗದ್ದೆಯಲ್ಲಿ ಲೈಟು ಕಟ್ಟಿ ರಾತ್ರಿಯಿಡೀ ವಾಲಿಬಾಲ್ ಆಡುವ ಹುಡುಗರಲ್ಲಿ ಹೆಚ್ಚಿನವರಿಗೆ ಆ ಆಟದ ಬೇರು ಒಂದು ಕ್ರೈಸ್ತ ಸಂಘದಲ್ಲಿದೆ ಎಂಬುದೇ ತಿಳಿಯದು. ಆಟ ಜಗತ್ತನ್ನು ಗೆದ್ದಿತು, ಪ್ರಾರ್ಥನಾಕೂಟ ಹಿಂದುಳಿಯಿತು. ಗಂಡಸರನ್ನು ಸೆಳೆಯಲು ತಂದ ಆಕರ್ಷಣೆಯೇ ಕೊನೆಗೆ ಮುಖ್ಯ ವಸ್ತುವಾಗುವ ಈ ಗತಿ ಮುಂದೆಯೂ ಮರುಕಳಿಸಿದೆ.

ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಈ ಹಂಬಲ ಜಾಹೀರಾತಿನ ಮಟ್ಟ ಮುಟ್ಟಿತು. 1911–12ರಲ್ಲಿ ಗಂಡಸರನ್ನೇ ಗುರಿಯಾಗಿಟ್ಟುಕೊಂಡ ಒಂದು ಪ್ರೊಟೆಸ್ಟೆಂಟ್ ಆಂದೋಲನ ಊರೂರಿಗೆ ಹೋಯಿತು. ಪತ್ರಿಕೆಗಳ ಕ್ರೀಡಾಪುಟದಲ್ಲಿ ದೇವಾಲಯದ ಜಾಹೀರಾತು ಹಾಕಿಸಿತು. ಬೇಸ್‌ಬಾಲ್ ಆಟಗಾರನಾಗಿದ್ದು ಸುವಾರ್ತೆ ಸಾರಲು ಇಳಿದ ಬಿಲ್ಲಿ ಸಂಡೆ ವೇದಿಕೆಯ ಮೇಲೆ ಓಡಿ, ಜಾರಿ, ಕುರ್ಚಿ ಎತ್ತಿ ಪ್ರಸಂಗ ಮಾಡುತ್ತಿದ್ದ. 1990ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ ಬಿಲ್ ಮೆಕಾರ್ಟ್ನಿ ಶುರುಮಾಡಿದ ಪ್ರಾಮಿಸ್ ಕೀಪರ್ಸ್ ಸಂಸ್ಥೆ ಇದೇ ಜಾಡಿನದು. ಕ್ರೀಡಾಂಗಣಗಳಲ್ಲಿ ಗಂಡಸರನ್ನಷ್ಟೇ ಸೇರಿಸಿ, ಒಳ್ಳೆಯ ಗಂಡ, ಒಳ್ಳೆಯ ಅಪ್ಪನಾಗುವ ಪ್ರತಿಜ್ಞೆ ಮಾಡಿಸುತ್ತಿತ್ತು. 1996ರಲ್ಲಿ ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಗಂಡಸರು ಇಂಥ ಸಭೆಗಳಿಗೆ ಬಂದರು. 1997ರ ಅಕ್ಟೋಬರ್ 4ರಂದು ವಾಷಿಂಗ್ಟನ್ನಿನ ಬಯಲು ತುಂಬಿತು. ಮರುವರ್ಷವೇ ಸಂಸ್ಥೆಗೆ ಸಂಬಳ ಕೊಡಲು ಹಣವಿರಲಿಲ್ಲ. ಕುಟುಂಬದ ಯಜಮಾನಿಕೆಯನ್ನು ಗಂಡಸಿಗೆ ಮರಳಿ ಒಪ್ಪಿಸುವ ಮಾತು ಅಲ್ಲಿ ಧಾರಾಳವಾಗಿತ್ತು, ಮಹಿಳಾ ಸಂಘಟನೆಗಳು ಅದನ್ನು ಸರಿಯಾಗಿಯೇ ಪ್ರಶ್ನಿಸಿದವು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು. ಶನಿವಾರ ಕ್ರೀಡಾಂಗಣದಲ್ಲಿ ಅತ್ತು ಅಪ್ಪಿಕೊಂಡ ಗಂಡಸು ಭಾನುವಾರ ತನ್ನ ಊರಿನ ಚರ್ಚಿಗೆ ಮರಳಿದಾಗ ಅಲ್ಲಿ ಅವನಿಗೆ ಮಾಡಲು ಏನೂ ಇರುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆ ಮೀಸೆಯ ಕಾಲದಲ್ಲೇ ಸದ್ದಿಲ್ಲದೆ ಗೆದ್ದದ್ದು ಗ್ಲಾಸ್ಗೊ ನಗರದ ಒಂದು ಚಿಕ್ಕ ಪ್ರಯೋಗ. ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಭಾನುವಾರ ಸಂಡೆ ಸ್ಕೂಲ್ ನಡೆಸುತ್ತಿದ್ದ, ವಾರದ ಸಂಜೆಗಳಲ್ಲಿ ಸ್ವಯಂಸೇವಕ ಸೈನ್ಯದ ಅಧಿಕಾರಿಯಾಗಿರುತ್ತಿದ್ದ. ಸೈನ್ಯದಲ್ಲಿ ಯುವಕರು ಹೇಳಿದಂತೆ ಕೇಳುತ್ತಿದ್ದರು, ಸಂಡೆ ಸ್ಕೂಲಿನಲ್ಲಿ ಹುಡುಗರು ಕಾಗದದ ಉಂಡೆ ಎಸೆಯುತ್ತಿದ್ದರು, ಹದಿಮೂರು ತುಂಬಿದರೆ ಬರುವುದನ್ನೇ ಬಿಡುತ್ತಿದ್ದರು. 1883ರ ಅಕ್ಟೋಬರ್ 4ರಂದು ಅವನು ಎರಡನ್ನೂ ಜೋಡಿಸಿ ಬಾಯ್ಸ್ ಬ್ರಿಗೇಡ್ ಶುರುಮಾಡಿದ: ಟೊಪ್ಪಿ, ಬೆಲ್ಟು, ಕವಾಯತು, ಬ್ಯಾಂಡು, ಜೊತೆಗೆ ಪ್ರಾರ್ಥನೆ. ಹುಡುಗನಿಗೆ ಅಲ್ಲಿ ಸಾಲಿನಲ್ಲಿ ಒಂದು ಸ್ಥಾನವಿತ್ತು, ಅವನು ಬಾರದಿದ್ದರೆ ಸಾಲಿನಲ್ಲಿ ತೆರಪು ಕಾಣುತ್ತಿತ್ತು. ಸೈನಿಕ ಶಿಸ್ತನ್ನು ದೇವರ ಹೆಸರಿಗೆ ತಗುಲಿಸಿದ್ದು ಎಲ್ಲರಿಗೂ ಹಿಡಿಸಲಿಕ್ಕಿಲ್ಲ, ಆದರೆ ಸಂಡೆ ಸ್ಕೂಲು ಬಿಡುವ ವಯಸ್ಸಿನ ಹುಡುಗರು ಉಳಿದದ್ದು ನಿಜ.

ಮಧ್ಯಯುಗದ ಯುರೋಪಿಗೆ ಈ ಗುಟ್ಟು ಎಂದೋ ಗೊತ್ತಿತ್ತು. ಅಲ್ಲಿನ ಊರುಗಳಲ್ಲಿ ಗೃಹಸ್ಥರ ಭ್ರಾತೃಸಂಘಗಳಿದ್ದವು. ಹೆಣ ಹೊರುವುದು, ಗಲ್ಲಿಗೇರುವವನ ಜೊತೆ ಕೊನೆಯವರೆಗೆ ನಡೆಯುವುದು, ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವುದು, ಒಂದೊಂದು ಸಂಘಕ್ಕೆ ಒಂದೊಂದು ಕೆಲಸ. ಫ್ಲಾರೆನ್ಸಿನಲ್ಲಿ 1244ರಲ್ಲಿ ಹುಟ್ಟಿತೆನ್ನುವ ಮಿಸೆರಿಕೊರ್ದಿಯಾ ಸಂಘ ಪ್ಲೇಗಿನ ಕಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊರುತ್ತಿತ್ತು, ಈಗ ಆಂಬುಲೆನ್ಸಿನಲ್ಲಿ ಸಾಗಿಸುತ್ತದೆ. ಪೋರ್ಚುಗೀಸರ ಜೊತೆ ಇದೇ ಪದ್ಧತಿ ಗೋವೆಗೆ ಬಂತು. ಅಲ್ಲಿನ ಇಗರ್ಜಿಗಳ ಕೊನ್ಫ್ರಾರಿಯಾ ಸದಸ್ಯರು ಹಬ್ಬದ ಮೆರವಣಿಗೆಯಲ್ಲಿ ಇಂದಿಗೂ ಬಿಳಿಯ ಅಂಗಿಯ ಮೇಲೆ ಕೆಂಪು ಹೊದಿಕೆ ತೊಟ್ಟು ನಡೆಯುತ್ತಾರೆ. ಸದಸ್ಯತ್ವಕ್ಕೆ ಜಾತಿಯ ಲೆಕ್ಕ ಅಂಟಿಕೊಂಡದ್ದು ಆ ಸಂಘಗಳ ಕಪ್ಪು ಭಾಗ.

ಕೆಲಸ ಎಷ್ಟು ಭಾರವೋ ಅಷ್ಟು ಸೆಳೆತ ಎಂಬುದಕ್ಕೆ ಸ್ಪೇನಿನ ಸೆವಿಲ್ಯ ನಗರ ಸಾಕ್ಷಿ. ಪವಿತ್ರ ವಾರದಲ್ಲಿ ಅಲ್ಲಿನ ಭ್ರಾತೃಸಂಘಗಳು ಯೇಸುವಿನ, ಮರಿಯಮ್ಮನ ಪ್ರತಿಮೆಗಳಿರುವ ಭಾರಿ ಮಂಟಪಗಳನ್ನು ಬೀದಿಗೆ ತರುತ್ತವೆ. ಒಂದೊಂದೂ ಟನ್‌ಗಟ್ಟಲೆ ತೂಗುತ್ತದೆ. ಅದಕ್ಕೆ ಗಾಲಿಗಳಿಲ್ಲ. ಮೂವತ್ತು ನಲವತ್ತು ಮಂದಿ ಬಟ್ಟೆಯ ಮರೆಯಲ್ಲಿ, ಕತ್ತಲಲ್ಲಿ, ಕತ್ತಿನ ಬುಡದ ಮೇಲೆ ಭಾರ ಹೊತ್ತು ಗಂಟೆಗಟ್ಟಲೆ ನಡೆಯುತ್ತಾರೆ. ಎದುರು ಏನಿದೆ ಎಂದು ಅವರಿಗೆ ಕಾಣುವುದಿಲ್ಲ. ಹೊರಗಿನ ಮುಂದಾಳಿನ ದನಿ ಮತ್ತು ಮಂಟಪದ ಮುಂಭಾಗದ ಸುತ್ತಿಗೆಯ ಏಟು, ಇವೆರಡೇ ದಾರಿ. ಹಿಂದೆ ಈ ಹೊರೆಯನ್ನು ಬಂದರಿನ ಹಮಾಲರು ಕೂಲಿಗೆ ಹೊರುತ್ತಿದ್ದರು. ಹಮಾಲರು ಸಿಗುವುದು ಕಷ್ಟವಾಗಿ, ಕೂಲಿ ಏರಿ, ಸಂಪ್ರದಾಯವೇ ನಿಂತುಹೋದೀತೆಂಬ ಭಯ ಹುಟ್ಟಿದಾಗ, 1973ರಲ್ಲಿ ವಿದ್ಯಾರ್ಥಿಗಳ ಭ್ರಾತೃಸಂಘದ ಸದಸ್ಯರು ತಾವೇ ಹೊರಲು ಮುಂದಾದರು. ಆಮೇಲೆ ಉಳಿದ ಸಂಘಗಳೂ ಅದೇ ದಾರಿ ಹಿಡಿದವು. ವಕೀಲ, ಬ್ಯಾಂಕ್ ಗುಮಾಸ್ತ, ಪ್ಲಂಬರ್ ಎಲ್ಲರೂ ಎತ್ತರದ ಲೆಕ್ಕದಲ್ಲಿ ಸಾಲಾಗಿ ನಿಲ್ಲುತ್ತಾರೆ. ತಪಸ್ಸಿನ ಕಾಲದ ರಾತ್ರಿಗಳಲ್ಲಿ ಖಾಲಿ ಚೌಕಟ್ಟಿನ ಮೇಲೆ ಮೂಟೆ ಪೇರಿಸಿ ಅಭ್ಯಾಸ ನಡೆಯುತ್ತದೆ. ವರ್ಷವಿಡೀ ಪೂಜೆಯ ಕಡೆ ತಲೆಹಾಕದವರೂ ಈ ಸಾಲಿನಲ್ಲಿದ್ದಾರೆಂದು ಪಾದ್ರಿಗಳು ಗೊಣಗುತ್ತಾರೆ. ಗೊಣಗಾಟ ನ್ಯಾಯವೇ. ಆದರೂ ದುಡ್ಡು ಕೊಟ್ಟರೂ ಜನ ಸಿಗದ ಕೆಲಸಕ್ಕೆ ದುಡ್ಡಿಲ್ಲದೆ ಸರದಿ ನಿಲ್ಲುವುದನ್ನು ಯಾವ ಪ್ರಬೋಧನೆಯೂ ಸಾಧಿಸಿರಲಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಕನಕಪುರ ಸೀಮೆಯ ಹಾರೋಬೆಲೆ. ಕನ್ನಡ ಕ್ರೈಸ್ತರ ಈ ಹಳ್ಳಿಯಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಯೇಸುವಿನ ಪಾಡುಗಳ ನಾಟಕ ನಡೆಯುತ್ತದೆ. ಶತಮಾನ ದಾಟಿದ ಸಂಪ್ರದಾಯ. ಹೊಲ, ರೇಷ್ಮೆ, ಹಾಲು ಎಂದು ದುಡಿಯುವವರೇ ಪಿಲಾತ, ಪೇತ್ರ, ಯೂದ, ರೋಮನ್ ಸಿಪಾಯಿ. ನಾಟಕದ ಮಾತು ಬಾಯಿಪಾಠ ಮಾಡುವ ರೈತ ಶುಭಸಂದೇಶದ ಅಧ್ಯಾಯಗಳನ್ನೇ ಬಾಯಿಪಾಠ ಮಾಡುತ್ತಾನೆ, ಬೈಬಲ್ ಅಭ್ಯಾಸ ಕೂಟ ಎಂದು ಕರೆದಿದ್ದರೆ ಅವನು ಆ ಕಡೆ ಸುಳಿಯುತ್ತಿರಲಿಲ್ಲ. ಬವೇರಿಯದ ಒಬರಾಮರ್ಗೌ ಗ್ರಾಮದ ನಾಟಕ ಲೋಕಪ್ರಸಿದ್ಧ: 1633ರ ಪ್ಲೇಗಿನ ಹರಕೆ, 1634ರಲ್ಲಿ ಮೊದಲ ಪ್ರದರ್ಶನ, ಈಗ ಹತ್ತು ವರ್ಷಕ್ಕೊಮ್ಮೆ. ಅಲ್ಲಿ ಹೆಚ್ಚಿನ ಪಾತ್ರಧಾರಿ ಗಂಡಸರು ಹಿಂದಿನ ವರ್ಷದ ವಿಭೂತಿ ಬುಧವಾರದಿಂದಲೇ ಕೂದಲು ಗಡ್ಡ ಬಿಡಬೇಕು. ಕ್ಷೌರಿಕನ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಒಪ್ಪಿಕೊಂಡ ಕೆಲಸ ನೆನಪಾಗುವ ಏರ್ಪಾಡು ಇದು. ಅದೇ ಊರು ಮದುವೆಯಾದ ಮತ್ತು 35 ದಾಟಿದ ಹೆಂಗಸರನ್ನು ರಂಗಕ್ಕೆ ಬಿಡಲು 1990ರವರೆಗೆ, ಅದೂ ನ್ಯಾಯಾಲಯ ಹೇಳುವವರೆಗೆ, ಒಪ್ಪಿರಲಿಲ್ಲ. ಗಂಡಸಿಗೆ ಜಾಗ ಮಾಡುವ ನೆಪದಲ್ಲಿ ಹೆಂಗಸನ್ನು ಬದಿಗೆ ಸರಿಸುವ ಚಟ ಈ ಚರಿತ್ರೆಯುದ್ದಕ್ಕೂ ಇದೆ. ಸೆವಿಲ್ಯದ ಎಲ್ಲ ಭ್ರಾತೃಸಂಘಗಳ ಮೆರವಣಿಗೆಗಳಲ್ಲಿ ಹೆಂಗಸರು ಸಮಾನವಾಗಿ ನಡೆಯಲು 2011ರಲ್ಲಿ ಮಹಾಧರ್ಮಾಧ್ಯಕ್ಷರ ಆಜ್ಞೆಯೇ ಬೇಕಾಯಿತು.

ಹೊರುವುದು, ನಟಿಸುವುದು ವರ್ಷಕ್ಕೊಮ್ಮೆಯ ಮಾತು. ವಾರವಾರದ ಕೆಲಸಕ್ಕೆ ಒಳ್ಳೆಯ ಮಾದರಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡ್ರಿಕ್ ಓಝನಾಮ್ ಇಪ್ಪತ್ತರ ಹರೆಯದಲ್ಲಿ ಗೆಳೆಯರೊಂದಿಗೆ ಇದನ್ನು ಕಟ್ಟಿದ. ಕ್ರೈಸ್ತಮತ ಹಿಂದೆ ಒಳ್ಳೆಯದು ಮಾಡಿರಬಹುದು, ಈಗ ನೀವೇನು ಮಾಡುತ್ತಿದ್ದೀರಿ ಎಂದು ಸಹಪಾಠಿಗಳು ಚುಚ್ಚಿದ್ದೇ ಪ್ರೇರಣೆ. ಬಡವರ ಮನೆ ಯಾವುದು, ಅಲ್ಲಿಗೆ ಹೇಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಎಂಬುದನ್ನು ಈ ಹುಡುಗರಿಗೆ ಕಲಿಸಿದವರು ರೋಸಾಲಿ ರಾಂದ್ಯು ಎಂಬ ಸಿಸ್ಟರ್. ನಿಯಮ ಸರಳ: ಇಬ್ಬರಿಬ್ಬರಾಗಿ ಮನೆಭೇಟಿ, ನಿಯತವಾಗಿ ಕೂಟ, ಕೂಟದಲ್ಲಿ ವರದಿ, ಚೀಲ ತಿರುಗಿಸಿ ಗುಪ್ತ ಕಾಣಿಕೆ. ಮಂಗಳೂರಿನ ಧರ್ಮಕೇಂದ್ರಗಳಲ್ಲಿ ಈ ಸಭೆಯ ಘಟಕಗಳು ಇಂದಿಗೂ ಮನೆ ದುರಸ್ತಿ, ಔಷಧಿ, ಶಾಲಾ ಶುಲ್ಕವೆಂದು ಓಡಾಡುತ್ತವೆ. ಈಗ ಅದರಲ್ಲಿ ಹೆಂಗಸರೂ ಇದ್ದಾರೆ, ಅದರಿಂದ ಕೆಲಸ ಕೆಟ್ಟಿಲ್ಲ. ಅಮೆರಿಕದ ನ್ಯೂ ಹೇವನ್ನಿನಲ್ಲಿ 1882ರಲ್ಲಿ ಫಾದರ್ ಮೈಕೆಲ್ ಮೆಕ್‌ಗಿವ್ನಿ ಹುಟ್ಟುಹಾಕಿದ ನೈಟ್ಸ್ ಆಫ್ ಕೊಲಂಬಸ್ ಸಂಘದ ಜಾಣತನ ಬೇರೆ ತರಹದ್ದು. ಕಾರ್ಖಾನೆಯಲ್ಲಿ ದುಡಿಯುವವನು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಿದ್ದ ಕಾಲದಲ್ಲಿ ಅದು ಸದಸ್ಯರ ಕುಟುಂಬಕ್ಕೆ ವಿಮೆ ಕೊಟ್ಟಿತು. ಗಂಡಸಿನ ರಾತ್ರಿಯ ಚಿಂತೆ ಯಾವುದೆಂದು ತಿಳಿದ ಪಾದ್ರಿಯ ಸಂಘ ಇಂದು ಸುಮಾರು ಇಪ್ಪತ್ತು ಲಕ್ಷ ಸದಸ್ಯರದು.

ಜೀವನೋಪಾಯವನ್ನೇ ದೇವಾಲಯಕ್ಕೆ ಕಟ್ಟಿಹಾಕಿದರೂ ಗಂಡಸರು ಬರುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗಾಗಿ ನೇಯ್ಗೆ ಶಾಲೆ, ಮುದ್ರಣಾಲಯ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅಲ್ಲಿ ಕೆಲಸ, ಮನೆ, ಶಾಲೆ, ಸಭೆ ಒಂದೇ ಆವರಣದಲ್ಲಿದ್ದವು. ಭಾನುವಾರದ ಗೈರುಹಾಜರಿ ಸೋಮವಾರ ಗೊತ್ತಾಗದೆ ಇರುತ್ತಿರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಈ ಉದ್ಯಮಗಳನ್ನು ವಶಪಡಿಸಿಕೊಂಡು ಮಿಷನ್ನಿನ ಕೈಯಿಂದ ತಪ್ಪಿಸಿತು. ಆಮೇಲೂ ಆ ಸಭೆಗಳಲ್ಲಿ ಉಳಿದದ್ದು ಹಿರಿಯರ ಪದ್ಧತಿ: ಸಭೆಯೇ ಆರಿಸಿದ ಗೃಹಸ್ಥರು ಸಭಾಪಾಲಕರೊಂದಿಗೆ ಜವಾಬ್ದಾರಿ ಹೊರುವುದು. 1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾದ ಮೇಲೆ ಸ್ತ್ರೀಯರ ಅನ್ಯೋನ್ಯ ಕೂಟದಂತೆ ಪುರುಷರದೂ ಒಂದು ಕೂಟ ಬಂತು. ಎರಡರ ಚಟುವಟಿಕೆ ಹೋಲಿಸಿದರೆ ಸ್ತ್ರೀಯರದು ವಾರದ ಗಂಟೆ ಹೊಡೆದಂತೆ ನಡೆಯುತ್ತದೆ. ಪುರುಷರದು ಅನೇಕ ಕಡೆ ವರ್ಷಕ್ಕೊಂದು ಪುರುಷರ ಭಾನುವಾರ ಆಚರಿಸಿ, ಅಂದು ಹಾಡಲು ತಂಡ ಕಟ್ಟಿ, ಮುಂದಿನ ವರ್ಷದವರೆಗೆ ವಿಶ್ರಮಿಸುತ್ತದೆ. ಹೆಂಗಸರ ಕೂಟಕ್ಕೆ ರೋಗಿಗಳ ಭೇಟಿ, ಮಾರಾಟ ಮೇಳ, ಮನೆಪ್ರಾರ್ಥನೆ ಎಂಬ ಖಚಿತ ಕೆಲಸಗಳಿವೆ. ಗಂಡಸರ ಕೂಟಕ್ಕೆ ಅಧ್ಯಕ್ಷ, ಕಾರ್ಯದರ್ಶಿ ಇದ್ದಾರೆ.

ಕರಾವಳಿಯ ಕೊಂಕಣಿ ಕಥೋಲಿಕರ ಹಳೆಯ ಏರ್ಪಾಡು ಗುರಿಕಾರ ಪದ್ಧತಿ. ಧರ್ಮಕೇಂದ್ರವನ್ನು ವಾಳೆಗಳಾಗಿ ಹಂಚಿ, ಪ್ರತಿ ವಾಳೆಗೆ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಪಾಲಿನ ಜಗಳ, ಸತ್ತವರ ಗುಂಡಿಗೆ ಜನ ಹೇಳಿದ್ದಾಯಿತೇ, ಇದೆಲ್ಲ ಅವನ ಪಾಲಿಗೆ. ಈಗ ಗುರಿಕಾರರಲ್ಲಿ ಹೆಂಗಸರೂ ಇದ್ದಾರೆ. ಗುರಿಕಾರನಲ್ಲದ ಸಾಮಾನ್ಯ ಗಂಡಸಿಗೆ ಹಬ್ಬಗಳೇ ಆಶ್ರಯ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ತೆನೆ ತರುವುದು, ಕಬ್ಬಿನ ಕಟ್ಟು ಇಳಿಸುವುದು, ಪಾಯಸದ ದೊಡ್ಡ ಪಾತ್ರೆ ಎತ್ತುವುದು. ವಾರ್ಷಿಕ ಹಬ್ಬಕ್ಕೆ ಚಪ್ಪರ, ಲೈಟು, ಮೈಕು, ಬ್ಯಾಂಡಿನವರಿಗೆ ಚಹಾ, ಗಾಡಿ ನಿಲ್ಲಿಸಲು ಸೀಟಿ. ವರ್ಷವಿಡೀ ಬಾಗಿಲ ಬಳಿ ನಿಂತವನು ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಗೆ ಏಣಿಯ ಮೇಲೆ ಸೀರಿಯಲ್ ಸೆಟ್ ಕಟ್ಟುತ್ತಿರುತ್ತಾನೆ. ಅವನನ್ನು ಭಕ್ತಿಯಿಲ್ಲದವನೆಂದು ಕರೆಯುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಬಾರದು. ಹಬ್ಬದ ಮರುದಿನ ಚಪ್ಪರದ ಕಂಬಗಳೊಂದಿಗೆ ಅವನ ಕೆಲಸವೂ ಕಿತ್ತುಹೋಗುತ್ತದೆ ಎಂಬುದೇ ದೋಷ.

ಕೊಲ್ಲಿ ದೇಶಗಳಲ್ಲಿ ಇದೇ ಗಂಡಸರ ಚಿತ್ರ ತಲೆಕೆಳಗಾಗುತ್ತದೆ. ಮನೆಮಂದಿಯನ್ನು ಊರಲ್ಲಿ ಬಿಟ್ಟು ಹೋದ ದುಡಿಮೆಗಾರರೇ ತುಂಬಿರುವುದರಿಂದ ದುಬೈ, ಕುವೈತಿನ ಚರ್ಚುಗಳಲ್ಲಿ ಗಂಡಸರ ಗುಂಪು ಎದ್ದು ಕಾಣುತ್ತದೆ. ಕುವೈತಿನಲ್ಲಿ ಶುಕ್ರವಾರ ರಜೆಯಾದ್ದರಿಂದ ವಾರದ ಪೂಜೆ ಶುಕ್ರವಾರಕ್ಕೆ ಸರಿದಿದೆ, ದುಬೈಯಲ್ಲೂ 2021ರ ಕೊನೆಯವರೆಗೆ ಹಾಗೇ ಇತ್ತು. ಆ ನಾಡುಗಳಲ್ಲಿ ಕೊಂಕಣಿ ಪೂಜೆ, ಕೊಂಕಣಿ ಗಾಯನತಂಡ, ಊರಿನ ಸಂಘ ಎಲ್ಲವನ್ನೂ ದಣಿದ ಮೈಯಲ್ಲೇ ನಡೆಸುತ್ತಾರೆ. ಅವರು ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ. ಇತ್ತ ಊರಲ್ಲಿ ಅವರ ಜಾಗವನ್ನೂ ಹೆಂಗಸರೇ ತುಂಬಿಕೊಂಡು, ಅವರು ರಜೆಗೆ ಬಂದಾಗ ಅತಿಥಿಗಳಂತೆ ಹಿಂದೆ ನಿಲ್ಲುವಂತಾಗುತ್ತದೆ.

ಊರ ಚರ್ಚು ಮಾಡಬಹುದಾದದ್ದು ಇದರಿಂದ ತಕ್ಕಮಟ್ಟಿಗೆ ತಿಳಿಯುತ್ತದೆ. ‘ಆಸಕ್ತರು ಪೂಜೆಯ ನಂತರ ಕಚೇರಿಗೆ ಬನ್ನಿ’ ಎಂಬ ಪ್ರಕಟಣೆಗೆ ಆಸಕ್ತರು ಬರುವುದಿಲ್ಲ, ಸದಾ ಬರುವ ಹತ್ತು ಮಂದಿ ಬರುತ್ತಾರೆ. ಹೆಸರು ಹಿಡಿದು, ಎದುರು ನಿಂತು, ಇಂಥ ಕೆಲಸ, ಇಂಥ ತಿಂಗಳವರೆಗೆ ಎಂದು ಕೇಳಿದರೆ ಒಪ್ಪುವವರು ಹೆಚ್ಚು. ಎಲೆಕ್ಟ್ರಿಷಿಯನ್ನನ ಕೈಗೆ ವೈರಿಂಗು, ಬ್ಯಾಂಕ್ ನೌಕರನ ಕೈಗೆ ವಿದ್ಯಾರ್ಥಿವೇತನದ ಅರ್ಜಿಗಳು, ಆಟೋ ಚಾಲಕನಿಗೆ ಮುದುಕರನ್ನು ಪೂಜೆಗೆ ಕರೆತರುವ ಹೊಣೆ ಕೊಡಬಹುದು. ಗಂಡಸಿನ ಕೆಲಸವೆಂದರೆ ಕುರ್ಚಿ ಸಾಗಿಸುವುದು ಮಾತ್ರ ಎಂದು ತಿಳಿದರೆ ಅವನು ಮತ್ತೆ ಕೂಲಿಯವನೇ ಆಗುತ್ತಾನೆ. ಹಾಡುಗಳನ್ನು ಹೆಂಗಸರ ಶ್ರುತಿಗೆ ಎತ್ತಿಕೊಂಡರೆ ಗಂಡಸರು ತುಟಿಯಾಡಿಸಿ ಸುಮ್ಮನಾಗುತ್ತಾರೆ. ಕೀಬೋರ್ಡಿನವನು ಎರಡು ಮನೆ ಇಳಿಸಿದರೆ ಸಾಕು. ರಾತ್ರಿಪಾಳಿ ಮುಗಿಸಿದವನಿಗೆ ಬೆಳಗಿನ ಏಳರ ಪೂಜೆ ಶಿಕ್ಷೆ, ಅವನಿಗೆ ಸಂಜೆಯ ಪೂಜೆ ಬೇಕು. ಪ್ರಬೋಧನೆ ಉದ್ದವಾದಷ್ಟೂ ಮೆಟ್ಟಿಲ ಮೇಲಿನ ಸಭೆ ದೊಡ್ಡದಾಗುತ್ತದೆ, ಅದಕ್ಕೆ ಮದ್ದು ಪಾದ್ರಿಗಳ ಕೈಯಲ್ಲೇ ಇದೆ.

ಕೆಲಸದಿಂದ ಮಾತಿಗೆ, ಮಾತಿನಿಂದ ಮನಸ್ಸಿಗೆ ದಾರಿ ಇದೆಯೇ? ಪಕ್ಕಪಕ್ಕದಲ್ಲಿ ನಿಂತು ಕೈಯಾಡಿಸುವಾಗ ಗಂಡಸರು ಆಡುವಷ್ಟು ಮಾತನ್ನು ವೃತ್ತಾಕಾರದಲ್ಲಿ ಕುರ್ಚಿ ಹಾಕಿ ಕೂರಿಸಿದಾಗ ಆಡುವುದಿಲ್ಲ. ಆಸ್ಟ್ರೇಲಿಯದಲ್ಲಿ 1990ರ ದಶಕದಿಂದ ಹಬ್ಬಿದ ಪುರುಷರ ಶೆಡ್‌ಗಳು ನಿಂತಿರುವುದು ಈ ತಿಳಿವಳಿಕೆಯ ಮೇಲೆ. ನಿವೃತ್ತರು ಅಲ್ಲಿ ಮರಗೆಲಸ ಮಾಡುತ್ತ ಹರಟುತ್ತಾರೆ, ಅನೇಕ ಚರ್ಚುಗಳು ಅವಕ್ಕೆ ಜಾಗ ಕೊಟ್ಟಿವೆ. ಕುರ್ಚಿ ಹಾಕಿ ಕೂರಿಸಿಯೂ ಗಂಡಸರು ಬಾಯಿಬಿಡುವ ಒಂದೇ ಜಾಗವೆಂದರೆ 1935ರಲ್ಲಿ ಒಹಾಯೊದ ಆಕ್ರನ್ನಿನಲ್ಲಿ ಶುರುವಾದ, ಕುಡಿತ ಬಿಡಬಯಸುವವರ ಆಲ್ಕೊಹಾಲಿಕ್ಸ್ ಅನಾನಿಮಸ್. ಅದು ಚರ್ಚಿನ ಸಂಸ್ಥೆಯಲ್ಲ, ಆದರೆ ಒಂದು ಕ್ರೈಸ್ತ ಕೂಟದ ಗರ್ಭದಿಂದ ಬಂದದ್ದು. ಮಂಗಳೂರು ಬೆಂಗಳೂರುಗಳಲ್ಲಿ ಅದರ ಕೂಟಗಳು ಚರ್ಚುಗಳ ಹಿಂದಿನ ಕೋಣೆಯಲ್ಲಿ ನಡೆಯುವುದು ಸಾಮಾನ್ಯ. ಮುಂದಿನ ಬಾಗಿಲಿನಿಂದ ಬಂದವರು ತಮ್ಮ ಸೋಲನ್ನು ಅಡಗಿಸಿಟ್ಟುಕೊಂಡು ಹೋಗುತ್ತಾರೆ, ಹಿಂದಿನ ಕೋಣೆಗೆ ಬಂದವರು ಹೇಳಿಕೊಂಡು ಹೋಗುತ್ತಾರೆ. ಪುರುಷರ ಕೂಟಗಳನ್ನು ನಡೆಸುವವರು ಕಲಿಯಬೇಕಾದದ್ದು ಕ್ರೀಡಾಂಗಣಕ್ಕಿಂತ ಈ ಕೋಣೆಯಿಂದ.

ಕೆಲಸ ಕೊಟ್ಟು ಕರೆಯುವುದಕ್ಕೂ ಅಪಾಯವಿದೆ. ಪದವಿ ಸಿಕ್ಕವನು ಬಿಡುವುದಿಲ್ಲ. ಪಾಲನಾ ಮಂಡಳಿಯ ಚುನಾವಣೆ ಗ್ರಾಮ ಪಂಚಾಯಿತಿಯ ಚುನಾವಣೆಯನ್ನು ನಾಚಿಸಿದ ಉದಾಹರಣೆಗಳಿವೆ. ಸೋತ ಬಣದ ಗಂಡಸರು ಕುಟುಂಬ ಸಮೇತ ಬೇರೆ ಚರ್ಚಿಗೆ ಹೋಗುವುದೂ ಇದೆ. ಅವಧಿ ಮುಗಿದ ಕೂಡಲೇ ಇಳಿಸುವ ನಿಯಮವನ್ನು ಪಾದ್ರಿಗಳು ಕಟ್ಟುನಿಟ್ಟಾಗಿ ಪಾಲಿಸಿದ ಕಡೆ ಜಗಳ ಕಡಿಮೆ.

ಮಕ್ಕಳ ವಿಷಯದಲ್ಲಿ ಅಪ್ಪನ ಪಾತ್ರ ದೊಡ್ಡದೆಂದು ಪ್ರಬೋಧನೆಗಳಲ್ಲಿ ಪದೇಪದೇ ಕೇಳಿಬರುತ್ತದೆ. ವರ್ನ್ ಬೆಂಗ್ಟ್‌ಸನ್ ದಕ್ಷಿಣ ಕ್ಯಾಲಿಫೋರ್ನಿಯದ ಕುಟುಂಬಗಳನ್ನು ಸುಮಾರು 35 ವರ್ಷ ಹಿಂಬಾಲಿಸಿ 2013ರಲ್ಲಿ ಬರೆದ ಪುಸ್ತಕ ಇದಕ್ಕೆ ಒಂದು ತಿದ್ದುಪಡಿ ಕೊಡುತ್ತದೆ: ನಂಬಿಕೆ ಮಕ್ಕಳಿಗೆ ದಾಟುವುದು ಅಪ್ಪ ಎಷ್ಟು ಕಟ್ಟುನಿಟ್ಟು ಎಂಬುದಕ್ಕಿಂತ ಎಷ್ಟು ಹತ್ತಿರ ಎಂಬುದರ ಮೇಲೆ. ಚರ್ಚಿಗೆ ಎಳೆದೊಯ್ಯುವ ಅಪ್ಪನಿಗಿಂತ ಜೊತೆಗೆ ಹೋಗಿ ಜೊತೆಗೆ ಕೂರುವ ಅಪ್ಪ ಮೇಲು. ಹುಡುಗರು ಬಲಿಪೀಠದ ಸೇವೆಯಲ್ಲಿ ಒಂಬತ್ತು ಹತ್ತು ವರ್ಷಕ್ಕೆ ಸೇರಿ, ಮೀಸೆ ಚಿಗುರುವ ಹೊತ್ತಿಗೆ ಬಿಡುತ್ತಾರೆ. 1994ರಿಂದ ಹುಡುಗಿಯರಿಗೂ ಈ ಸೇವೆಗೆ ಅನುಮತಿಯಿದೆ, ಅದರಿಂದಲೇ ಹುಡುಗರು ಓಡಿದರೆಂಬ ವಾದ ಕೆಲವರದು. 1994ಕ್ಕೆ ಮೊದಲೂ ಅವರು ಅದೇ ವಯಸ್ಸಿಗೆ ಓಡುತ್ತಿದ್ದರು. ಬಿಟ್ಟ ಹುಡುಗ ಮತ್ತೆ ಚರ್ಚಿನ ಕಚೇರಿಯ ಮೆಟ್ಟಿಲು ಹತ್ತುವುದು ಮದುವೆಯ ಚೀಟಿಗೆ. ಮದುವೆಯ ತಯಾರಿ ಶಿಬಿರ, ಮಗುವಿನ ದೀಕ್ಷಾಸ್ನಾನ ಎರಡೂ ಅವನು ತಾನಾಗಿ ಬರುವ ಹೊತ್ತು. ದೀಕ್ಷಾಸ್ನಾನದ ದಾಖಲೆ ಬರೆಯುವಾಗಲೇ ಹೊಸ ಅಪ್ಪನ ಕಸುಬು, ಬಿಡುವಿನ ದಿನ ಕೇಳಿ ಬರೆದುಕೊಂಡು, ಆ ತಿಂಗಳೊಳಗೆ ಒಂದು ಚಿಕ್ಕ ಕೆಲಸ ಒಪ್ಪಿಸುವ ಪಾದ್ರಿಗೆ ಅವನು ಸಿಗುತ್ತಾನೆ. ಆಗ ಕೇಳದಿದ್ದರೆ ಮುಂದಿನ ಅವಕಾಶ ಆ ಮಗುವಿನ ಮೊದಲ ಪರಮಪ್ರಸಾದಕ್ಕೆ, ಎಂಟೊಂಬತ್ತು ವರ್ಷದ ಮೇಲೆ.